ಮಲೆನಾಡಿನ ಮಳೆಕಾಡಿಗೆ ಸ್ವಯಂಸೇವಕರಾಗಿ ಹೋಗುವುದು: ಬೆಂಗಳೂರಿನವರಿಂದ ನಿಜಕ್ಕೂ ಏನಾದೀತು?

ಬಸವನಗುಡಿ ನಿವಾಸಿ:

ಎಲ್ಲರಿಗೂ ನಮಸ್ಕಾರ. ಹದಿಮೂರು ವರ್ಷಗಳಿಂದ ತಂತ್ರಾಂಶ ಪರೀಕ್ಷಕಿಯಾಗಿ ದುಡಿಯುತ್ತಿರುವ ನನಗೆ ಬರುವ ಜೂನ್‌ನಿಂದ ಮೂರು ತಿಂಗಳ ಸಂಬಳರಹಿತ ರಜೆ ಮಂಜೂರಾಗಿದೆ. ಆ ಅವಧಿಯನ್ನು ಆಗುಂಬೆ, ಶರಾವತಿ ಕಣಿವೆ ಅಥವಾ ಸಿರ್ಸಿ, ಸಿದ್ದಾಪುರದ ಕಡೆ ಮಳೆಕಾಡಿನ ಸಂರಕ್ಷಣೆಯ ಕೆಲಸದಲ್ಲಿ ಸ್ವಯಂಸೇವಕಿಯಾಗಿ ಕಳೆಯಬೇಕೆಂಬ ಆಸೆಯಿದೆ. ಸಸಿ ನೆಡುವುದು ಮತ್ತು ಕಾಡಂಚಿನ ಶಾಲೆಗಳ ಮಕ್ಕಳಿಗೆ ಕಾಡಿನ ಮಹತ್ವವನ್ನು ತಿಳಿಸಿಕೊಡುವುದು, ಇವೆರಡು ನನ್ನ ಮನಸ್ಸಿನಲ್ಲಿರುವ ಕೆಲಸಗಳು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಸೇರಿ ಬೇಸಿಗೆ ರಜೆಯಲ್ಲಿ ಎರಡು ಮೂಟೆ ಬೀಜದುಂಡೆಗಳನ್ನೂ ಮಾಡಿಟ್ಟಿದ್ದಾರೆ.

ಆದರೆ ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲೇ ಆದ್ದರಿಂದ ತುರಹಳ್ಳಿ, ಬನ್ನೇರುಘಟ್ಟಗಳನ್ನು ಬಿಟ್ಟರೆ ಬೇರೆ ಕಾಡಿನ ಪರಿಚಯವೂ ಇಲ್ಲ. ನನ್ನಂಥವಳು ಅಲ್ಲಿಗೆ ಹೋದರೆ ಕಾಡಿಗೆ ಉಪಕಾರವಾದೀತೇ, ಇಲ್ಲವೇ ಅಲ್ಲಿಯವರಿಗೆ ಇನ್ನೊಬ್ಬ ಅತಿಥಿಯ ಊಟ ವಸತಿಯ ಹೊರೆಯಾದೀತೇ ಎಂಬುದನ್ನು ಬಲ್ಲವರು ಮುಚ್ಚುಮರೆಯಿಲ್ಲದೆ ತಿಳಿಸಬೇಕಾಗಿ ಕೋರುತ್ತೇನೆ.

ತೀರ್ಥಹಳ್ಳಿ ಮೂಲದವನು:

ಮುಚ್ಚುಮರೆ ಬೇಡವೆಂದು ತಾವೇ ಕೇಳಿರುವುದರಿಂದ ಬರೆಯುತ್ತಿದ್ದೇನೆ ಮೇಡಂ, ಬೇಸರಿಸಬೇಡಿ. ನಾನು ವಿಜಯನಗರದಲ್ಲಿ ನೆಲೆಸಿ ಹದಿನೆಂಟು ವರ್ಷವಾಯಿತು. ಹಳೆಯ ಮನೆ ಮತ್ತು ಅಡಿಕೆ ತೋಟ ಊರಿನಲ್ಲೇ ಇವೆ. ಜೂನ್ ಬಂತೆಂದರೆ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ನಮ್ಮ ಕಡೆ ಇಳಿಯುವ ಉತ್ಸಾಹಿ ತಂಡಗಳನ್ನು ಪ್ರತಿ ವರ್ಷ ಕಾಣುತ್ತೇನೆ. ಒಂದೇ ಬಣ್ಣದ ಟೀ ಶರ್ಟು ತೊಟ್ಟು, ರಸ್ತೆ ಬದಿಯಲ್ಲಿ ನೂರಿನ್ನೂರು ಗುಂಡಿ ತೆಗೆದು, ಸಸಿಯ ಜೊತೆ ಫೋಟೊ ಹಿಡಿಸಿಕೊಂಡು, ಭಾನುವಾರ ಸಂಜೆ ಹೊರಟುಬಿಡುತ್ತಾರೆ. ಆಗಸ್ಟಿನಲ್ಲಿ ಆ ಸಸಿಗಳನ್ನು ಮುಚ್ಚಿಹಾಕುವ ಕಳೆಯನ್ನು ಕೀಳಲು ಅವರಲ್ಲಿ ಒಬ್ಬರೂ ಬಂದದ್ದನ್ನು ನಾನು ನೋಡಿಲ್ಲ. ಮರುವರ್ಷ ಇನ್ನೊಂದು ತಂಡ ಬರುತ್ತದೆ, ಸತ್ತ ಸಸಿಯ ಪಕ್ಕದಲ್ಲೇ ಹೊಸ ಗುಂಡಿ ತೆಗೆಯುತ್ತದೆ.

ಇನ್ನು ನಮ್ಮ ಮಕ್ಕಳಿಗೆ ಕಾಡಿನ ಮಹತ್ವವನ್ನು ತಿಳಿಸುವ ವಿಚಾರ. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. 1964ರಲ್ಲಿ ಮುಗಿದ ಆ ಅಣೆಕಟ್ಟೆಗಾಗಿ ಮನೆ, ಗದ್ದೆ, ಕಾಡು ಎಲ್ಲವನ್ನೂ ಮುಳುಗಿಸಿಕೊಂಡ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ, ಎಲ್ಲಿಗೆ ಎತ್ತಂಗಡಿಯಾದರೋ ಅಲ್ಲಿಯ ನೆಲದ ಹಕ್ಕುಪತ್ರ ಇನ್ನೂ ಕೈಸೇರಿಲ್ಲ. ಅಂಥ ಮನೆಯ ಮಗುವಿನ ಮುಂದೆ ಬೆಂಗಳೂರಿನವರು ನಿಂತು ಕಾಡು ಉಳಿಸಬೇಕೆಂದು ಬೋಧಿಸಿದರೆ, ಆ ಮಗು ಸಂಜೆ ಮನೆಗೆ ಹೋಗಿ ಅಜ್ಜನನ್ನು ಏನು ಕೇಳೀತು ಎಂಬುದನ್ನು ದಯವಿಟ್ಟು ಯೋಚಿಸಿ. ನನಗೆ ನಿಮ್ಮ ಮೇಲೆ ಕೋಪವಿಲ್ಲ. ನಾನೂ ಅದೇ ಊರಿನ ನಲ್ಲಿಯ ನೀರು ಕುಡಿಯುವವನೇ.

ಸಸಿಮಡಿ:

ಮೇಲಿನವರ ಮಾತಿನ ಕಹಿಯಲ್ಲಿ ಸತ್ಯವಿದೆ, ಆದರೂ ಅಲ್ಲಿ ಕೆಲಸಕ್ಕೆ ಕೈಗಳು ಬೇಡವೆಂದೇನೂ ಇಲ್ಲ. ಏಳು ವರ್ಷ ಘಟ್ಟದಲ್ಲಿ ಕಾಡನ್ನು ಮರಳಿ ಬೆಳೆಸುವ ಕೆಲಸ ಮಾಡಿ ಈಗ ಹೆಬ್ಬಾಳದ ಕಡೆ ಇರುವ ನಾನು, ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಬೀಜದುಂಡೆಯ ವಿಚಾರ. ಮಳೆಕಾಡಿನ ಮುಖ್ಯ ಮರಗಳ ಬೀಜಗಳು ರಾಗಿ, ಹುರುಳಿಗಳಂತೆ ಒಣಗಿಸಿ ಡಬ್ಬಿಯಲ್ಲಿಡುವಂಥವಲ್ಲ. ಧೂಪ, ರಾಮಪತ್ರೆ, ಹೆಬ್ಬಲಸು ಇವುಗಳ ಬೀಜದಲ್ಲಿ ನೀರಿನಂಶ ಹೆಚ್ಚು. ಅದು ಒಣಗಿತೆಂದರೆ ಬೀಜ ಸತ್ತಿತೆಂದೇ ಅರ್ಥ. ಮರದಿಂದ ಬಿದ್ದ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ನೆರಳಿನ ತೇವದ ನೆಲ ಸಿಕ್ಕರೆ ಮಾತ್ರ ಅವು ಮೊಳೆಯುತ್ತವೆ. ಅಂಥ ಬೀಜವನ್ನು ಮಣ್ಣಿನಲ್ಲಿ ಕಟ್ಟಿ ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿದರೆ ಒಳಗೆ ಏನೂ ಉಳಿದಿರುವುದಿಲ್ಲ. ಉಂಡೆಯೊಳಗೆ ಬದುಕುವುದು ಬಯಲುಸೀಮೆಯ ಗಟ್ಟಿ ಬೀಜ, ಅದಕ್ಕೆ ಮಳೆಕಾಡಿನ ನೆರಳಿನಲ್ಲಿ ಜಾಗವಿಲ್ಲ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕುದುರೆಮುಖದ ಕಡೆ ಕಣಿವೆಯಲ್ಲಿ ಶೋಲಾ ಕಾಡು, ಮೇಲೆ ಹುಲ್ಲುಗಾವಲು ಇರುವ ಬೆಟ್ಟಗಳನ್ನು ಬೋಳುಗುಡ್ಡಗಳೆಂದು ತಿಳಿದು ಅಲ್ಲಿ ಬೀಜ ಎರಚುವವರಿದ್ದಾರೆ. ಆ ಹುಲ್ಲುಗಾವಲು ಹಾಳಾದ ಕಾಡಲ್ಲ, ಸಾವಿರಾರು ವರ್ಷಗಳಿಂದ ಹಾಗೆಯೇ ಇರುವ ನೆಲೆ; ಮಳೆನೀರನ್ನು ಹೀರಿಕೊಂಡು ಹೊಳೆಗಳಿಗೆ ನಿಧಾನವಾಗಿ ಬಿಡುವುದರಲ್ಲಿ ಅದರ ಪಾಲೂ ಇದೆ.

ನಿಜವಾದ ಕೆಲಸ ಸಸಿಮಡಿಯಲ್ಲಿದೆ. ರಸ್ತೆಯ ಮೇಲೆ, ಕಾಫಿ ತೋಟದ ಕಾಲುದಾರಿಯಲ್ಲಿ ಬಿದ್ದು ಹೇಗೂ ತುಳಿತಕ್ಕೆ ಸಿಕ್ಕಿ ಹಾಳಾಗುವ ಬೀಜಗಳನ್ನು ಹೆಕ್ಕಬೇಕು, ಅದೇ ವಾರ ಚೀಲಕ್ಕೆ ಹಾಕಬೇಕು, ಒಂದೆರಡು ವರ್ಷ ನೆರಳಿನಲ್ಲಿ ಬೆಳೆಸಬೇಕು. ನೆಡುವ ಜಾಗದಲ್ಲಿ ಲಂಟಾನವೆಂಬ ಕಳೆಪೊದೆಯನ್ನು ತೆಗೆಯಬೇಕು, ಆದರೆ ಅದರ ಬುಡದಲ್ಲಿ ತಾನಾಗಿಯೇ ಹುಟ್ಟಿರುವ ಕಾಡುಸಸಿಗೆ ಕತ್ತಿ ತಾಗಬಾರದು. ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ವಿದ್ಯೆ ಇದೇ, ಮತ್ತು ಹೊಸದಾಗಿ ಬಂದ ಸ್ವಯಂಸೇವಕರು ಹೆಚ್ಚು ಹಾನಿ ಮಾಡುವುದೂ ಇಲ್ಲಿಯೇ. ನಾನು ಮೊದಲ ವಾರದಲ್ಲಿ ಎಷ್ಟು ರಾಮಪತ್ರೆ ಸಸಿಗಳನ್ನು ಸವರಿದ್ದೆನೆಂಬುದನ್ನು ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಏಳು ವರ್ಷವೂ ನೆನಪಿಸಿದರು. ನೆಟ್ಟ ಮೇಲೆ ಮೂರು ವರ್ಷವಾದರೂ ಕಳೆ ತೆಗೆಯುತ್ತಿರಬೇಕು. ಪ್ರತಿ ಸಸಿಗೂ ಸಂಖ್ಯೆ ಕಟ್ಟಿ, ಎತ್ತರ ಅಳೆದು, ಬದುಕಿದೆಯೇ ಸತ್ತಿದೆಯೇ ಎಂದು ಬರೆಯಬೇಕು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ತಮಿಳುನಾಡಿನ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ, ಚಹಾ ಮತ್ತು ಕಾಫಿ ತೋಟಗಳ ನಡುವೆ ಉಳಿದ ಕಾಡಿನ ತುಣುಕುಗಳಲ್ಲಿ, ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಹೀಗೆಯೇ ದುಡಿಯುತ್ತಿದ್ದಾರೆ. ಅವರ ಕೆಲಸದ ಬಗ್ಗೆ ಓದಿಕೊಂಡರೆ ಒಂದು ವಾರಾಂತ್ಯದಲ್ಲಿ ಕಾಡು ಬೆಳೆಸುವ ಭ್ರಮೆ ತಾನಾಗಿಯೇ ಹೋಗುತ್ತದೆ.

ಸಂಖ್ಯೆ ಕಟ್ಟಿ ಲೆಕ್ಕ ಇಡುವ ಆ ಕೊನೆಯ ಕೆಲಸಕ್ಕೆ ಜನ ಸಿಗುವುದು ಕಷ್ಟ. ತಪ್ಪು ಹುಡುಕುವುದೇ ವೃತ್ತಿಯಾಗಿರುವ ನಿಮಗೆ ಅದು ಒಗ್ಗೀತು. ಒಂದು ಎಚ್ಚರಿಕೆ ಮಾತ್ರ ಇರಲಿ: ಅರಣ್ಯಭೂಮಿಯಲ್ಲಿ ನಮ್ಮ ಇಷ್ಟಕ್ಕೆ ಗಿಡ ನೆಡುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಘೋಷಿತವಾದ ಅಭಯಾರಣ್ಯದೊಳಗೆ ಕಾಲಿಡಲೂ ಇಲಾಖೆಯ ಅನುಮತಿ ಬೇಕು. ಹಾಗಾಗಿ ಇಂಥ ಅನುಮತಿ ಈಗಾಗಲೇ ಇರುವವರ ಜೊತೆಗೇ ಹೋಗಿ.

ಬಸವನಗುಡಿ ನಿವಾಸಿ:

ಸಸಿಮಡಿಯವರೇ, ನಮ್ಮ ಉಂಡೆಗಳಲ್ಲಿರುವುದು ಹೊಂಗೆ ಮತ್ತು ಹುಣಸೆ ಬೀಜಗಳೇ. ಮಕ್ಕಳಿಗೆ ಏನು ಹೇಳಲಿ?

ಸಸಿಮಡಿ:

ಇದ್ದದ್ದನ್ನು ಇದ್ದಂತೆಯೇ ಹೇಳಿ. ಕೋಲಾರ, ತುಮಕೂರಿನ ಕಡೆ ಪರಿಚಯದ ರೈತರಿದ್ದರೆ, ಅವರು ಒಪ್ಪಿದರೆ, ಹೊಲದ ಬದುವಿನಲ್ಲಿ ಆ ಬೀಜಗಳನ್ನು ಮಕ್ಕಳ ಕೈಯಿಂದಲೇ ಊರಿಸಬಹುದು. ಮಳೆಕಾಡಿನ ಮರ ಹೇಗಿರುತ್ತದೆಂದು ಅವರಿಗೆ ತೋರಿಸಬೇಕೆನಿಸಿದರೆ ಮಲ್ಲೇಶ್ವರದ ಆಚೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪಶ್ಚಿಮ ಘಟ್ಟದ ಮರಗಳನ್ನೇ ನೆಟ್ಟು ಬೆಳೆಸಿದ ಪುಟ್ಟ ಕಾಡೊಂದಿದೆ; ಸಂಸ್ಥೆಯ ಅನುಮತಿ ಪಡೆದು ಒಂದು ಬೆಳಿಗ್ಗೆ ಕರೆದೊಯ್ಯಿರಿ.

ಒಮ್ಮೆ ಹೋಗಿಬಂದವನು:

ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾಲ್ಕು ವರ್ಷಗಳ ಹಿಂದೆ ಒಂದು ಪ್ರವಾಸ ಸಂಸ್ಥೆಯ ಮೂಲಕ ‘ಮಳೆಕಾಡು ಸ್ವಯಂಸೇವೆ’ ಎಂಬ ಎರಡು ವಾರಗಳ ಶಿಬಿರಕ್ಕೆ ನನ್ನ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಹಣ ಕಟ್ಟಿ ಹೋಗಿದ್ದೆ. ಹತ್ತು ದಿನ ಚಾರಣ, ಎರಡು ದಿನ ಪ್ಲಾಸ್ಟಿಕ್ ಹೆಕ್ಕುವುದು, ಒಂದು ದಿನ ಶಾಲೆ, ಕೊನೆಯ ದಿನ ಪ್ರಮಾಣಪತ್ರ. ಶಾಲೆಯಲ್ಲಿ ನಾವು ಹುಲಿಯ ಮೇಲಿನ ಒಂದು ಇಂಗ್ಲಿಷ್ ಹಾಡನ್ನು ಕಲಿಸಲು ತೊಡಗಿದರೆ, ಮಕ್ಕಳು ನಮಗಿಂತ ಮುಂದೆ ಮುಂದೆ ಹಾಡತೊಡಗಿದರು. ಹಿಂದಿನ ತಿಂಗಳ ತಂಡ ಅದೇ ಹಾಡನ್ನು ಕಲಿಸಿ ಹೋಗಿತ್ತಂತೆ. ನಮಗೆ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸಿಗೆ ದಿನಕ್ಕೆ ಸಿಗುತ್ತಿದ್ದ ಕೂಲಿಯನ್ನು ಕೇಳಿದ ಮೇಲೆ ಆ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಲು ಮನಸ್ಸಾಗಲಿಲ್ಲ.

ಆದ್ದರಿಂದ ಎಲ್ಲಿಗೇ ಹೋಗುವುದಾದರೂ ಮೊದಲು ಎರಡು ಪ್ರಶ್ನೆಗಳನ್ನು ಕೇಳಿ: ಸ್ವಯಂಸೇವಕರು ಯಾರೂ ಇಲ್ಲದ ತಿಂಗಳುಗಳಲ್ಲಿ ಈ ಕೆಲಸವನ್ನು ಯಾರು ಮಾಡುತ್ತಾರೆ, ಮತ್ತು ನಾನು ಕೊಡುವ ಹಣದಲ್ಲಿ ಊರಿನಲ್ಲಿ ಉಳಿಯುವುದೆಷ್ಟು? ಮೊದಲನೆಯದಕ್ಕೆ ಊರಿನವರ ಹೆಸರು ಉತ್ತರವಾಗಿ ಬರದಿದ್ದರೆ ಅಲ್ಲಿ ಕೆಲಸವೇ ಇಲ್ಲವೆಂದು ತಿಳಿಯಿರಿ.

ನಿವೃತ್ತ ಶಿಕ್ಷಕಿ, ಯಲಹಂಕ:

ಮಗನ ಮನೆಯಲ್ಲಿರಲೆಂದು ಬೆಂಗಳೂರಿಗೆ ಬಂದು ಮೂರು ವರ್ಷವಾಯಿತು. ಅದಕ್ಕೆ ಮೊದಲು ಮೂವತ್ತೊಂದು ವರ್ಷ ಸಾಗರ ತಾಲ್ಲೂಕಿನ ಕಾಡಂಚಿನ ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಹೊರಗಿನಿಂದ ಬಂದು ಪರಿಸರದ ಪಾಠ ಮಾಡಿದವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಹೆಚ್ಚಿನವರು ಒಳ್ಳೆಯವರೇ, ತರುತ್ತಿದ್ದ ಚಾರ್ಟುಗಳು ಮಾತ್ರ ನಮ್ಮವಾಗಿರಲಿಲ್ಲ. ಅಮೆಜಾನ್ ಕಾಡಿನ ಚಿತ್ರವನ್ನು ತೋರಿಸಿ ಇದು ಮಳೆಕಾಡು ಎಂದು ವಿವರಿಸುವಾಗ, ಕಿಟಕಿಯ ಹೊರಗೆ ಮುರುಗಲು ಮರವೊಂದು ನಮ್ಮನ್ನೇ ನೋಡುತ್ತ ನಿಂತಿರುತ್ತಿತ್ತು.

ಒಂದು ವರ್ಷ ನಾನೇ ಬೇರೆ ದಾರಿ ಹಿಡಿದೆ. ಐದನೆಯ ತರಗತಿಯ ಮಕ್ಕಳಿಗೆ, ಮನೆಯಲ್ಲಿ ಅಜ್ಜಿಯೋ ಅಜ್ಜನೋ ಬಳಸುವ ಒಂದು ಕಾಡುಗಿಡದ ಎಲೆಯನ್ನು ತರಬೇಕು, ಅದರ ಹೆಸರನ್ನೂ ಉಪಯೋಗವನ್ನೂ ಕೇಳಿಕೊಂಡು ಬರಬೇಕು ಎಂದೆ. ವಾಟೆಹುಳಿ, ಉಪ್ಪಾಗೆ, ಹೆಬ್ಬಲಸು, ದಾಲ್ಚಿನ್ನಿ ಎಲ್ಲ ಬಂದವು. ನನಗೇ ಗೊತ್ತಿಲ್ಲದ ಏಳೆಂಟು ಎಲೆಗಳೂ ಬಂದವು. ತರಗತಿಯಲ್ಲಿ ಸದಾ ಹಿಂದಿನ ಸಾಲಿನಲ್ಲಿ ಮೌನವಾಗಿರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, ತಮ್ಮ ಮನೆಯ ಕೆಳಗಿನ ಜಡ್ಡಿ, ಅಂದರೆ ಜೌಗು ನೆಲ, ಬೇಸಿಗೆಯಲ್ಲೂ ಒಣಗುವುದಿಲ್ಲವೆಂದೂ ಅಲ್ಲಿಯ ಮರಗಳ ಬೇರು ಮಂಡಿ ಮಡಚಿದ ಹಾಗೆ ಮೇಲೆದ್ದಿರುತ್ತದೆಂದೂ ಹೇಳಿದ. ಅದು ರಾಮಪತ್ರೆಯ ಜಡ್ಡಿ. ಸದಾ ನೀರು ನಿಲ್ಲುವ ಕೆಸರಿನಲ್ಲಿ ಗಾಳಿ ಸಿಗದೆ, ಉಸಿರಾಡಲೆಂದೇ ಬೇರು ಹೊರಬಂದಿರುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಅಂಥ ಜಡ್ಡಿಯಲ್ಲಿ ಸಿಕ್ಕ ಒಂದು ಅಪರೂಪದ ಮರವನ್ನು ವಿಜ್ಞಾನಿಗಳು 2000ದಲ್ಲಿ ಹೊಸ ಪ್ರಭೇದವೆಂದು ದಾಖಲಿಸಿ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಸಮತಟ್ಟಾದ, ನೀರಿರುವ ಜಾಗವೆಂಬ ಕಾರಣಕ್ಕೇ ಇಂಥ ಜಡ್ಡಿಗಳು ಗದ್ದೆಯಾಗಿ, ತೋಟವಾಗಿ ಕರಗಿಹೋದವು. ಆ ಹುಡುಗನ ಮಾತಿನಿಂದ ಹೊರಟ ಪಾಠ ಆರು ವಾರ ನಡೆಯಿತು: ಮಕ್ಕಳು ಗುರುತು ಹಾಕಿದ ಕೋಲೊಂದನ್ನು ತೊರೆಯಲ್ಲಿ ನೆಟ್ಟು, ಜಡ್ಡಿಯಿರುವ ತೊರೆಗೂ ಇಲ್ಲದ ತೊರೆಗೂ ನೀರಿನ ಮಟ್ಟ ಹೇಗೆ ಬೇರೆ ಬೇರೆಯಾಗಿ ಇಳಿಯುತ್ತದೆಂದು ಫೆಬ್ರವರಿಯಿಂದ ಬರೆದಿಟ್ಟರು. ಅದನ್ನು ಊರಿನ ಸಭೆಯಲ್ಲಿ ಓದಿದಾಗ ಕೇಳಿಸಿಕೊಂಡಷ್ಟು ಗಮನದಿಂದ ನಮ್ಮ ಜನ ಯಾವ ಭಾಷಣವನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ಹೋಗುವ ತಾಯಿಗೆ ನನ್ನ ಸಲಹೆ ಇಷ್ಟು. ನೀನು ಪಾಠ ಮಾಡಲು ಹೋಗಬೇಡ, ಬರೆದುಕೊಳ್ಳಲು ಹೋಗು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಗಳ ವಿವರವಿರುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಾನು ಕಣ್ಣಾರೆ ಕಂಡ ಒಂದು ದಾಖಲಾತಿಯಲ್ಲಿ ಪಕ್ಕದ ಪಂಚಾಯಿತಿಯ ಪಟ್ಟಿಯನ್ನೇ ಹೆಸರು ಬದಲಿಸಿ ಅಂಟಿಸಿದ್ದರು. ಆ ಊರಿನಲ್ಲಿಲ್ಲದ ಮೀನೂ ಅದರಲ್ಲಿತ್ತು. ಮಕ್ಕಳನ್ನೂ ಹಿರಿಯರನ್ನೂ ಜೊತೆಗೆ ಕೂರಿಸಿಕೊಂಡು ಒಂದೇ ಒಂದು ಊರಿನ ದಾಖಲಾತಿಯನ್ನು ಸರಿಮಾಡಿದರೆ ನಿನ್ನ ಮೂರು ತಿಂಗಳು ಸಾರ್ಥಕ. ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆದುಕೋ. ಜುಲೈನಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಕೊಡುತ್ತಾರೆ, ಅದನ್ನೂ ಲೆಕ್ಕಕ್ಕಿಟ್ಟುಕೋ.

ಸಿರ್ಸಿ ಸೀಮೆಯವನು:

ಟೀಚರ್ ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ. 1983ರ ಸೆಪ್ಟೆಂಬರಿನಲ್ಲಿ ಸಿರ್ಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಶುರುವಾದ ಅಪ್ಪಿಕೋ ಚಳವಳಿ ಹಿಡಿದ ಮಾತು ಮೂರು: ಉಳಿಸು, ಬೆಳೆಸು, ಬಳಸು. ನಗರದಿಂದ ಬರುವವರಿಗೆ ಮೊದಲಿನ ಎರಡು ಬೇಗ ಅರ್ಥವಾಗುತ್ತವೆ, ಮೂರನೆಯದು ಅರ್ಥವಾಗುವುದಿಲ್ಲ. ಕಾಡನ್ನು ಬಳಸುವವನೇ ಕಾಡಿನ ಶತ್ರು ಎಂದು ನಂಬಿಕೊಂಡು ಬಂದಿರುತ್ತಾರೆ.

ಉಪ್ಪಾಗೆಯನ್ನೇ ನೋಡಿ. ಮೈ ಇಳಿಸುವ ಔಷಧಿಗೆಂದು 1990ರ ದಶಕದಲ್ಲಿ ಅದರ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂತು, ಬೆಲೆ ಏರಿತು. ಕಾಡಿನ ಮರ ಯಾರದೂ ಅಲ್ಲವಾದ್ದರಿಂದ, ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಹಣ್ಣಾಗುವ ಮೊದಲೇ ಕೊಯ್ದರು, ಕೆಲವರು ಕೊಂಬೆಯನ್ನೇ ಕಡಿದರು. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಲ್ಲ. ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದಕ್ಕೆ ರಾಶಿ ರಾಶಿ ಕಟ್ಟಿಗೆ ಬೇಕು. ಅದೇ ಹಣ್ಣನ್ನು ಸಿಂಗಳೀಕವೂ ತಿನ್ನುತ್ತದೆ. ಇಂಥ ಗಂಟನ್ನು ‘ಕಾಡು ಉಳಿಸಿ’ ಎಂಬ ಫಲಕದಿಂದ ಬಿಚ್ಚಲಾಗದು. ಹಣ್ಣು ಮಾಗುವವರೆಗೆ ಕಾಯಲು ಕೊಯ್ಯುವವರೆಲ್ಲ ಒಟ್ಟಿಗೆ ಒಪ್ಪಬೇಕು, ಪ್ರತಿ ಮರದಲ್ಲೂ ಒಂದಿಷ್ಟು ಹಣ್ಣನ್ನು ಪ್ರಾಣಿಗಳಿಗೆ ಬಿಡಬೇಕು, ಕಡಿಮೆ ಕಟ್ಟಿಗೆ ತಿನ್ನುವ ಒಲೆ ಬೇಕು, ಮಾಗಿದ ಸಿಪ್ಪೆಗೆ ಹೆಚ್ಚು ಬೆಲೆ ಕೊಡುವ ಖರೀದಿದಾರ ಬೇಕು. ಈ ಮಾತುಕತೆಯನ್ನು ಊರಿನವರೇ ನಡೆಸಬೇಕು. ಹೊರಗಿನವರು ಲೆಕ್ಕಪತ್ರ ಬರೆಯಬಹುದು, ಒಲೆಯ ಕಟ್ಟಿಗೆಯನ್ನು ತೂಗಿ ಹೋಲಿಸಬಹುದು, ಬೆಂಗಳೂರಿನಲ್ಲಿ ಖರೀದಿದಾರರನ್ನು ಹುಡುಕಬಹುದು. ಈ ಕೊನೆಯ ಕೆಲಸಕ್ಕೆ ನೀವು ಊರು ಬಿಟ್ಟು ಬರುವುದೂ ಬೇಡ.

ವೈದ್ಯ, ರಾಜಾಜಿನಗರ:

ಆರೋಗ್ಯದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ನಿಮ್ಮನ್ನು ಕಾಡುವುದು ಇಂಬಳ. ಅದು ಕಚ್ಚಿದರೆ ರಕ್ತ ಹೋಗುತ್ತದೆ, ಕೆರೆತ ಬರುತ್ತದೆ, ಅಷ್ಟೇ. ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ಮತ್ತು ಅದರ ಕಾಲ ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಲಾಗಿದೆ. ಕಳೆ ತೆಗೆಯಲು ಬೇಸಿಗೆಯಲ್ಲಿ ಮರಳಿ ಹೋಗುವುದಾದರೆ ಮೈತುಂಬ ಬಟ್ಟೆ ಧರಿಸಿ, ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ನೀವಾಗಿಯೇ ಹೇಳಿ. ಇಲ್ಲಿ ನಾವು ಮೊದಲು ಯೋಚಿಸುವುದು ಡೆಂಗ್ಯೂ ಬಗ್ಗೆ.

ಬಸವನಗುಡಿ ನಿವಾಸಿ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೂರು ತಿಂಗಳನ್ನೂ ಒಟ್ಟಿಗೆ ಕಳೆಯುವ ಯೋಚನೆಯನ್ನು ಬಿಟ್ಟಿದ್ದೇನೆ. ಕಚೇರಿಯಲ್ಲಿ ಕೇಳಿಕೊಂಡಾಗ, ಅದೇ ರಜೆಯನ್ನು ಮೂರು ವರ್ಷಗಳಿಗೆ ಹಂಚಿ, ವರ್ಷಕ್ಕೆ ಜೂನ್‌ನಲ್ಲಿ ಎರಡು ವಾರ, ಸೆಪ್ಟೆಂಬರಿನಲ್ಲಿ ಎರಡು ವಾರ ಕೊಡಲು ಸ್ವಲ್ಪ ಗೊಣಗಿಕೊಂಡೇ ಒಪ್ಪಿದ್ದಾರೆ. ನೆಡುವ ಹೊತ್ತಿಗೊಮ್ಮೆ, ಕಳೆ ತೆಗೆಯುವ ಹೊತ್ತಿಗೊಮ್ಮೆ ಒಂದೇ ಊರಿಗೆ ಹೋಗಿಬರಬಹುದೆಂಬ ಲೆಕ್ಕ. ನಡುವಿನ ತಿಂಗಳುಗಳಲ್ಲಿ ಸಸಿಗಳ ಪಟ್ಟಿಯನ್ನೂ ಪಂಚಾಯಿತಿಯ ದಾಖಲಾತಿಯನ್ನೂ ಇಲ್ಲಿ ಕೂತೇ ಗಣಕಕ್ಕೆ ಏರಿಸಬಲ್ಲೆ. ಆದರೆ ಯಾವ ಊರು ಎಂಬುದೇ ಇನ್ನೂ ಗೊತ್ತಿಲ್ಲ. ತೀರ್ಥಹಳ್ಳಿಯವರೇ, ನಿಮ್ಮ ಮಾತು ಹೆಚ್ಚು ಚುಚ್ಚಿದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.

ತೀರ್ಥಹಳ್ಳಿ ಮೂಲದವನು:

ಸೆಪ್ಟೆಂಬರಿನಲ್ಲಿ ಬರುತ್ತೇನೆಂದು ಹೇಳಿದವರನ್ನು ನಾನು ಇದೇ ಮೊದಲು ಕಾಣುತ್ತಿರುವುದು. ನಮ್ಮೂರಿನ ಗ್ರಾಮ ಅರಣ್ಯ ಸಮಿತಿಯಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ; ಸಮಿತಿಯವರು ಅಕೇಶಿಯಾ ಕಡಿದ ಜಾಗದಲ್ಲಿ ಕಾಡುಮರಗಳ ಸಸಿ ಹಾಕಲು ಎರಡು ವರ್ಷದಿಂದ ಇಲಾಖೆಯ ಜೊತೆ ಓಡಾಡುತ್ತಿದ್ದಾರೆ, ಈ ಸಲ ಒಪ್ಪಿಗೆ ಸಿಕ್ಕಿದೆ. ಸಮಿತಿಯ ಸಭೆಯಲ್ಲಿ ಕೇಳದೆ ನಾನು ಮಾತು ಕೊಡಲಾರೆ. ಮುಂದಿನ ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಕೇಳಿ ತಿಳಿಸುತ್ತೇನೆ. ಅವರು ಬೇಡವೆಂದರೆ ಅದನ್ನೂ ಇಲ್ಲಿಯೇ ಬರೆಯುತ್ತೇನೆ.

ನಿವೃತ್ತ ಶಿಕ್ಷಕಿ, ಯಲಹಂಕ:

ಒಪ್ಪಿದರೆ ಹೋಗುವಾಗ ಛತ್ರಿಯನ್ನು ನಂಬಿಕೊಳ್ಳಬೇಡ ಮಗಳೇ, ಆಗುಂಬೆ ಕಡೆಯ ಗಾಳಿಮಳೆಗೆ ಅದು ಮೊದಲ ದಿನವೇ ಮಗುಚಿಕೊಳ್ಳುತ್ತದೆ. ಅಲ್ಲಿಯವರನ್ನು ಕೇಳಿ ಒಂದು ಕಂಬಳಿಕೊಪ್ಪೆ ತೆಗೆದುಕೋ. ಬರೆಯುವ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಸು, ಪೆನ್ನು ಬೇಡ, ಪೆನ್ಸಿಲ್ಲನ್ನೇ ಒಯ್ಯಿ. ತೇವಕ್ಕೆ ಮಸಿ ಹರಡಿ ನನ್ನ ಒಂದು ವರ್ಷದ ಎಲೆಗಳ ಪಟ್ಟಿಯೇ ಅಳಿಸಿಹೋಗಿತ್ತು.